ಪಟ್ಟದ ಪರಿಮಳ

ಕೆಂಗಲ್ಲುದುರ್ಗದ ಪೂರ್ವದ ಹೆಬ್ಬಾಗಿಲನ್ನು ದಾಟಿ ಒಳಬರುವ ಪರಸ್ಥಳದವನಿಗೆ ರಾಜಧಾನಿಯು ಕಣ್ಣಿಗಿಂತ ಮೊದಲು ಮೂಗಿಗೆ ಗೋಚರಿಸುತ್ತಿತ್ತು. ಬಾಗಿಲಿನ ಎಡಕ್ಕೆ ಕುದುರೆಲಾಯಗಳ ಹಸಿಹುಲ್ಲು, ಬಲಕ್ಕೆ ಗಂಧದ ಉಗ್ರಾಣದ ಅಂಗಳದಲ್ಲಿ ಒಟ್ಟಿದ ಶ್ರೀಗಂಧದ ಕೊರಡುಗಳು, ಮುಂದೆ ಹೂವಾಡಿಗರ ಕೇರಿಯಲ್ಲಿ ಒದ್ದೆ ಬಾಳೆಯೆಲೆಯ ಮೇಲೆ ಹರಡಿದ ಜಾಜಿ, ಸಂಪಿಗೆ, ಮರುಗ. ಅದನ್ನೂ ದಾಟಿದರೆ ಗಾಣಿಗರ ಬೀದಿಯ ಬೆಚ್ಚನೆಯ ಎಳ್ಳಿಂಡಿ. ಅರಮನೆಯ ಮುಂದಣ ವಿಶಾಲವಾದ ಕಲ್ಲುಹಾಸನ್ನು ತಲುಪುವ ಹೊತ್ತಿಗೆ ಈ ಎಲ್ಲ ವಾಸನೆಗಳೂ ಸೋತು ಹಿಂದೆ ಸರಿದು, ಯಾವ ಋತುವಿನದೂ ಅಲ್ಲದ ಒಂದು ದಟ್ಟ ಪರಿಮಳ ಬಂದವನ ಮುಖಕ್ಕೆ ಅಪ್ಪಳಿಸುತ್ತಿತ್ತು. ಅದು ಆಸ್ಥಾನಿಕರ ಪರಿಮಳ.

ಆ ವರ್ಷ ಕೆಂಗಲ್ಲುದುರ್ಗದ ಆಸ್ಥಾನದಲ್ಲಿ ಮೂಗಿಗೆ ದೊರೆತ ಪದವಿ ಬುದ್ಧಿಗೆ ದೊರೆತಿರಲಿಲ್ಲ. ಹಿಂದಿನ ಯುದ್ಧದಲ್ಲಿ ಶತ್ರುವಿನ ಫಿರಂಗಿಯ ಸದ್ದು ಕೇಳಿದೊಡನೆ ಬೆನ್ನು ತೋರಿದ್ದ ಸರದಾರರು ಸುಗಂಧ ಮಾರಲು ಬಂದ ಪರಂಗಿಯವನ ಕರಡಿಗೆಗಾಗಿ ಒಬ್ಬರನ್ನೊಬ್ಬರು ತುಳಿದುಕೊಂಡು ಮುನ್ನುಗ್ಗಿದ್ದರು. ಕತ್ತಿಯ ಹಿಡಿಗೆ, ಮೀಸೆಯ ತುದಿಗೆ, ಶಾಲಿನ ಸೆರಗಿಗೆ ಪರಾಸಿ, ಅಂದರೆ ಫ್ರೆಂಚರ, ಅನುಲೇಪನವನ್ನು ಸವರಿಕೊಳ್ಳದೆ ಯಾರೊಬ್ಬರೂ ಓಲಗಕ್ಕೆ ಬರುತ್ತಿರಲಿಲ್ಲ. ವೈರಾಗ್ಯವನ್ನು ಕುರಿತು ಗಂಟೆಗಟ್ಟಲೆ ಪ್ರವಚನ ಮಾಡುತ್ತಿದ್ದ ರಾಜಪುರೋಹಿತ ಸರ್ವೋತ್ತಮ ಭಟ್ಟರ ಉತ್ತರೀಯದಿಂದಲೂ ಫ್ರಾನ್ಸ್ ದೇಶ ಘಮಘಮಿಸುತ್ತಿತ್ತು.

ಈ ಗುಂಪಿನ ನಡುವೆ ಯಾವ ವಾಸನೆಯೂ ಇಲ್ಲದೆ ನಡೆದುಹೋಗುತ್ತಿದ್ದವರು ಪ್ರಧಾನಿ ನೇಮರಸಯ್ಯನವರೊಬ್ಬರೇ. ಅವರು ಜೈನರು, ವಿಧುರರು, ಮಿತಭಾಷಿಗಳು. ಮೂವರು ದೊರೆಗಳಿಗೆ ಸೇವೆ ಸಲ್ಲಿಸಿದ ಆ ವೃದ್ಧರಿಗೆ ಆಸ್ಥಾನವನ್ನು ಕುರಿತು ಉಳಿದಿದ್ದ ಭಾವನೆಯೆಂದರೆ ತಾತ್ಸಾರ. ಅದನ್ನು ಅವರು ಮುಚ್ಚಿಡಲೂ ಇಲ್ಲ, ಆಡಿ ತೋರಿಸಲೂ ಇಲ್ಲ. ನಮಸ್ಕರಿಸಿದವರಿಗೆ ಪ್ರತಿನಮಸ್ಕಾರ ಮಾಡುವಾಗ ಅವರ ದೃಷ್ಟಿ ಎದುರಿನವರ ಮುಖವನ್ನು ದಾಟಿ ಹಿಂದಿನ ಕಂಬದ ಮೇಲೆ ನಿಲ್ಲುತ್ತಿತ್ತು. ಕಂಬವಾದರೂ ಭಾರ ಹೊರುತ್ತದೆ ಎಂಬುದು ಅವರ ಸಮಾಧಾನ.

ದೊರೆ ತೀರಿಕೊಂಡು ವರ್ಷ ತುಂಬುತ್ತ ಬಂದಿತ್ತು. ಗಂಡುಸಂತಾನವಿರಲಿಲ್ಲವಾದ್ದರಿಂದ, ದುರ್ಗದ ಪೂರ್ವಪದ್ಧತಿಯಂತೆ ಒಬ್ಬಳೇ ಮಗಳು ಗೌರಾಜಮ್ಮಣ್ಣಿಗೆ ಮಾರ್ಗಶಿರದಲ್ಲಿ ಪಟ್ಟವಾಗಬೇಕೆಂದು ನಿಶ್ಚಯವಾಗಿತ್ತು. ಅಲ್ಲಿಯವರೆಗೆ ರಾಜ್ಯಭಾರ ದೊರೆಯ ತಮ್ಮ, ದಳವಾಯಿ ಮಲ್ಲರಾಜಯ್ಯನ ಕೈಯಲ್ಲಿತ್ತು. ಹಿಡಿದದ್ದನ್ನು ಬಿಟ್ಟು ಅಭ್ಯಾಸವಿಲ್ಲದ ಕೈ ಅದು. ಆಸ್ಥಾನಿಕರು ಅದನ್ನು ಬಲ್ಲವರಾದ್ದರಿಂದ ಅಮ್ಮಣ್ಣಿಗೆ ಕೈಮುಗಿದು, ದಳವಾಯಿಗೆ ಸೊಂಟ ಬಗ್ಗಿಸುತ್ತಿದ್ದರು.

ಪರಂಗಿಯವನ ಹೆಸರು ಒನೊರೆ. ದುರ್ಗದ ಜನ ಅದನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಂಡು ಹೊನ್ನೂರಯ್ಯ ಎಂದು ಕರೆದರು. ಫ್ರಾನ್ಸಿನ ದಕ್ಷಿಣದಲ್ಲಿ ಗ್ರಾಸ್ ಎಂಬ ಬೆಟ್ಟದೂರಿನ ಗಂಧಿಗರ ಮನೆತನದವನು. ಎರಡು ಮಳೆಗಾಲಗಳ ಹಿಂದೆ ಮಾಹೆಯ ಬಂದರಿನಿಂದ ಘಟ್ಟ ಹತ್ತಿ ಬಂದು, ತಾಂಡವ ಪಿಳ್ಳೆಯೆಂಬ ದುಬಾಷಿಯ ಮೂಲಕ ದರ್ಶನ ಬೇಡಿದ್ದ. ಅಂದಿನ ಓಲಗದಲ್ಲಿ ಅವನು ಕರಡಿಗೆಯ ಮುಚ್ಚಳ ತೆಗೆದು, ಹೂವನ್ನು ಹೇಗೆ ಆರಿಸುತ್ತಾರೆ, ಅದರ ಜೀವವನ್ನು ಹೇಗೆ ಹಿಡಿಯುತ್ತಾರೆ ಎಂದು ಬಹಳ ಹೊತ್ತು ವಿವರಿಸಿದ. ಸಭೆ ಆಕಳಿಸಿತು. ಕಡೆಗೆ ಒಬ್ಬ ಸರದಾರ, “ಇದನ್ನು ನಿಮ್ಮ ದೇಶದ ಅರಸರು ಹಚ್ಚಿಕೊಳ್ಳುವುದುಂಟೋ?” ಎಂದು ಕೇಳಿದ. ಉಂಟು ಎಂದ ದುಬಾಷಿ. ಮಿಕ್ಕ ಯಾವ ಪ್ರಶ್ನೆಯೂ ಯಾರಿಗೂ ಹೊಳೆಯಲಿಲ್ಲ. ನೇಮರಸಯ್ಯನವರು ಆ ದಿನ ಕೊಳ್ಳುವವರನ್ನೂ ಮಾರುವವನನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿ ಮನೆಗೆ ಹೋಗಿದ್ದರು.

ಆಶ್ವಯುಜ ಮಾಸದ ಒಂದು ಅಪರಾಹ್ಣ ಆ ಪರಂಗಿಯವನು ದುಬಾಷಿಯಿಲ್ಲದೆ, ಪಲ್ಲಕ್ಕಿಯಿಲ್ಲದೆ, ಪ್ರಧಾನಿಗಳ ಮನೆಯ ಹಿತ್ತಿಲ ಬಾಗಿಲಿಗೆ ಬಂದು ನಿಂತ. ನೇಮರಸಯ್ಯನವರು ಜಾಜಿಯ ಬಳ್ಳಿಗೆ ಚಪ್ಪರ ಕಟ್ಟಿಸುತ್ತಿದ್ದರು. ಅವರು ಅವನಿಗೆ ಕುಳಿತುಕೊಳ್ಳಲು ಹೇಳಲಿಲ್ಲ.

“ನನ್ನಲ್ಲಿ ಕೊಳ್ಳುವವರು ಯಾರೂ ಇಲ್ಲವಯ್ಯ. ದಾರಿ ತಪ್ಪಿ ಬಂದಿರಬೇಕು,” ಎಂದರು.

“ಮಾರಲು ಬಂದಿಲ್ಲ ಪ್ರಧಾನಿಗಳೇ,” ಎಂದ ಒನೊರೆ. ಅವನ ಕನ್ನಡ ಸಂತೆಯಲ್ಲಿ ಕಲಿತದ್ದು, ತೊದಲಿದರೂ ತಪ್ಪಿರಲಿಲ್ಲ. “ದಳವಾಯಿಗಳು ಒಂದು ಅನುಲೇಪನ ಮಾಡಲು ಹೇಳಿದ್ದಾರೆ. ಪಟ್ಟದ ದಿವಸ ಅಮ್ಮಣ್ಣಿಯವರ ನೆತ್ತಿಗೆ ಹಚ್ಚುವುದಕ್ಕೆ.”

“ಆಗಲಿ. ಊರೆಲ್ಲ ಹಚ್ಚಿಕೊಂಡದ್ದನ್ನು ಅವರೂ ಹಚ್ಚಿಕೊಳ್ಳಲಿ.”

“ಅದರಲ್ಲಿ ಏನಿದೆ ಎಂದು ತಾವು ಕೇಳಲಿಲ್ಲ.”

ಪ್ರಧಾನಿಗಳು ಮೊದಲ ಬಾರಿಗೆ ಅವನ ಮುಖವನ್ನು ನೋಡಿದರು. “ಏನಿದೆ?”

ಅವನು ಹೇಳಿದ. ಅವನ ಊರಿನಲ್ಲಿ ಗಾಜಿನ ಹಲಗೆಗಳ ಮೇಲೆ ಶುದ್ಧಿಮಾಡಿದ ಕೊಬ್ಬನ್ನು ತೆಳ್ಳಗೆ ಹರಡುತ್ತಾರೆ. ಅದರ ಮೇಲೆ ಹೂಗಳನ್ನು ಬೋರಲು ಜೋಡಿಸುತ್ತಾರೆ. ಬಾಡಿದವನ್ನು ತೆಗೆದು ಹೊಸವನ್ನಿಡುತ್ತ ಹೋದಂತೆ ಕೊಬ್ಬು ಹೂವಿನ ಉಸಿರನ್ನೆಲ್ಲ ಕುಡಿದು ಪರಿಮಳವೇ ಆಗಿಬಿಡುತ್ತದೆ. ಆ ಕೊಬ್ಬು ಹಂದಿಯದು, ಜೊತೆಗೆ ಹಸುವಿನದು.

ನೇಮರಸಯ್ಯನವರು ಕೈಯಲ್ಲಿದ್ದ ದಾರದುಂಡೆಯನ್ನು ಕೆಳಗಿಟ್ಟರು. ಇರುವೆಗೆ ಹಾದಿ ಬಿಟ್ಟು ನಡೆಯುವ ಕುಲದಲ್ಲಿ ಹುಟ್ಟಿದವರಿಗೆ ಆ ಕ್ಷಣ ಇಡೀ ಆಸ್ಥಾನ ಒಂದು ಕಸಾಯಿಖಾನೆಯಾಗಿ ಕಂಡಿತು.

“ಇದನ್ನು ನೀನು ಮೊದಲೇ ಹೇಳಬೇಕಿತ್ತು.”

“ಮೊದಲ ದಿವಸವೇ ಹೇಳಿದೆ. ಆಗ ನನಗೆ ನಿಮ್ಮ ಭಾಷೆ ಬರುತ್ತಿರಲಿಲ್ಲ. ದುಬಾಷಿ ಬೆಣ್ಣೆ ಎಂದು ಹೇಳಿದನಂತೆ. ಹೋದ ಮಳೆಗಾಲದಲ್ಲಿ ಭಾಷೆ ಬಂತು, ಮೋಸ ತಿಳಿಯಿತು. ಅವನನ್ನು ಕೇಳಿದರೆ, ತಿಳಿಯದವರಿಗೆ ದೋಷ ತಟ್ಟುವುದಿಲ್ಲ ಎಂದ. ನಾನು ಸುಮ್ಮನಾದೆ. ಅದು ನನ್ನ ತಪ್ಪು.”

“ಇಂದು ಸುಮ್ಮನಿರದೆ ಬಂದದ್ದೇಕೆ?”

“ದಳವಾಯಿಗಳಿಗೆ ಅದು ತಿಳಿದಿದೆ, ಪ್ರಧಾನಿಗಳೇ. ದುಬಾಷಿ ಶ್ರಾವಣದಲ್ಲೇ ಅವರಿಗೆ ಹೇಳಿದ್ದಾನೆ. ನಿನ್ನೆ ನನ್ನನ್ನು ಕರೆಸಿ, ನಿಮ್ಮ ದೇಶದ ಕ್ರಮದಲ್ಲೇ ಆಗಬೇಕು, ಹಸುವಿನ ಕೊಬ್ಬು ತಪ್ಪಬಾರದು ಎಂದರು. ಪಟ್ಟವಾದ ಮೇಲೆ ಸಭೆಯಲ್ಲಿ ಅವರು ಕೇಳಿದಾಗ ನಾನು ಸತ್ಯ ಹೇಳಬೇಕಂತೆ. ಹೇಳಿದರೆ ಬಡಗಣ ಕಾಡಿನ ಶ್ರೀಗಂಧವೆಲ್ಲ ನನ್ನದಂತೆ.”

ವಿವರಿಸುವ ಅಗತ್ಯವಿರಲಿಲ್ಲ. ತಂದೆಯ ಸಾವಿನ ಸೂತಕವೆಂದು ಅಮ್ಮಣ್ಣಿ ಆ ವರ್ಷವೆಲ್ಲ ಹೂವನ್ನಾಗಲಿ ಗಂಧವನ್ನಾಗಲಿ ಮುಟ್ಟಿರಲಿಲ್ಲ. ಪಟ್ಟದ ದಿನದ ಅಭ್ಯಂಜನವೇ ಮೊದಲನೆಯದು. ಗೋವಿನ ಕೊಬ್ಬನ್ನು ನೆತ್ತಿಯಲ್ಲಿ ಧರಿಸಿ ಸಿಂಹಾಸನವೇರಿದವಳು ಪತಿತೆ ಎಂದು ಸಾರಿದರೆ ಸಾಕು; ತಮ್ಮ ಕರಡಿಗೆಗಳಲ್ಲಿರುವುದು ಬೆಣ್ಣೆಯೆಂದು ಸಭೆ ನಂಬಿಯೇ ಇದೆ. ಕತ್ತಿ ಎತ್ತಬೇಕಿಲ್ಲ, ವಿಷ ಹಾಕಬೇಕಿಲ್ಲ, ಅಣ್ಣನ ಮಗಳನ್ನು ಕೊಂದನೆಂಬ ಅಪಕೀರ್ತಿಯಿಲ್ಲ. ಧರ್ಮವೇ ಅವಳನ್ನು ಪೀಠದಿಂದ ಇಳಿಸುತ್ತದೆ. ಚಿಕ್ಕಪ್ಪ ಕಣ್ಣೀರು ಒರೆಸಿಕೊಂಡು ಏರುತ್ತಾನೆ. ಮಲ್ಲರಾಜಯ್ಯನ ಬಗ್ಗೆ ನೇಮರಸಯ್ಯನವರಿಗೆ ಯಾವ ಗೌರವವೂ ಇರಲಿಲ್ಲವಾದರೂ, ಇಷ್ಟು ನಯವಾದ ನೀಚತನ ಅವನ ತಲೆಗೆ ಹೊಳೆದೀತೆಂದು ಅವರು ಎಣಿಸಿರಲಿಲ್ಲ.

“ಶ್ರೀಗಂಧ ನಿನಗೆ ಬೇಡವಾಯಿತೋ?” ಎಂದು ಕೇಳಿದರು.

“ಬೇಕು. ಅದಕ್ಕಾಗಿಯೇ ಸಮುದ್ರ ದಾಟಿ ಬಂದದ್ದು.” ಒನೊರೆ ನೆಲವನ್ನು ನೋಡುತ್ತ ಹೇಳಿದ. “ನಮ್ಮ ಊರು ಮೊದಲು ಚಮ್ಮಾರರ ಊರು, ಪ್ರಧಾನಿಗಳೇ. ಹಳ್ಳದ ನೀರೆಲ್ಲ ಚರ್ಮದ ನಾತ. ನಮ್ಮ ಹಿರಿಯರು ಕೈಗವಸು ಹೊಲಿಯುತ್ತಿದ್ದರು. ಅರಮನೆಯ ಹೆಂಗಸರು ಅದರ ನಾತಕ್ಕೆ ಮೂಗು ಮುರಿದಾಗ ಅದಕ್ಕೆ ಹೂವಿನ ಪರಿಮಳ ಕಟ್ಟುವುದನ್ನು ಕಲಿತರು. ಬೆಟ್ಟದ ತುಂಬ ಜಾಜಿ ನೆಟ್ಟರು. ಆ ಜಾಜಿಯೂ ನಿಮ್ಮ ಕಡೆಯಿಂದ ಬಂದದ್ದೇ. ಕಾಲ ಕಳೆದಂತೆ ಕೈಗವಸಿನ ವ್ಯಾಪಾರ ಕುಗ್ಗಿತು, ಪರಿಮಳದ್ದು ಬೆಳೆಯಿತು. ನನ್ನ ತಂದೆಯ ಕಾಲಕ್ಕೆ ನಮ್ಮ ಮನೆಯ ಭಟ್ಟಿಗೆ ಬೆಂಕಿ ಬಿದ್ದು ಎಲ್ಲ ಸುಟ್ಟುಹೋಯಿತು. ಈಗ ಆ ಒಲೆ ಆರಿದೆ. ಲಾವಂಚ, ಶ್ರೀಗಂಧ ಕೊಂಡೊಯ್ದು ಅದನ್ನು ಮತ್ತೆ ಹೊತ್ತಿಸಬೇಕೆಂದು ಬಂದೆ.”

“ಹೊತ್ತಿಸು. ದಳವಾಯಿ ಸೌದೆ ಕೊಡುತ್ತಾನಲ್ಲ.”

“ನನ್ನ ತಂದೆ ಕೊಳ್ಳಲು ಬಂದ ಪ್ರತಿಯೊಬ್ಬರಿಗೂ ಇದು ಕುರಿಯದು, ಇದು ಆಡಿನದು ಎಂದು ಚರ್ಮದ ಹೆಸರು ಹೇಳಿಯೇ ಕೈಗವಸು ಕೊಡುತ್ತಿದ್ದರು. ಒಬ್ಬ ಹೆಣ್ಣುಮಗಳನ್ನು ಹಾಳುಮಾಡಿ ಅವರ ಒಲೆ ಹೊತ್ತಿಸಿದರೆ ಅದರಲ್ಲಿ ಬೇಯುವುದು ಅವರ ಹೆಸರೇ.”

ಪ್ರಧಾನಿಗಳು ಕಟ್ಟೆಯ ಮೇಲಿದ್ದ ತಮ್ಮ ಶಾಲನ್ನು ಪಕ್ಕಕ್ಕೆ ಸರಿಸಿ, “ಕುಳಿತುಕೊಳ್ಳಯ್ಯ,” ಎಂದರು.

ಅಂದೇ ಸಭೆ ಸೇರಿಸಿ ಸಂಚನ್ನು ಬಯಲುಮಾಡಬಹುದಿತ್ತು. ಆದರೆ ಹಾಗೆ ಮಾಡಿದರೆ ಮಲ್ಲರಾಜಯ್ಯ ಅಲ್ಲಗಳೆಯುತ್ತಿದ್ದ. ಪರಂಗಿಯವನ ಹೆಣ ಹೊಂಡದಲ್ಲಿ ತೇಲುತ್ತಿತ್ತು. ಸಂಚು ಬೇರೆಯ ವೇಷ ತೊಟ್ಟು ಬರುತ್ತಿತ್ತು. ಹಾವನ್ನು ಹುತ್ತದಲ್ಲಿ ಹೊಡೆಯಲಾಗದು, ಹೊರಗೆ ಬರಬೇಕು. ಪಟ್ಟದ ಅನುಲೇಪನ ಕೊಬ್ಬಿಲ್ಲದೆ ಆಗುವುದು ಸಾಧ್ಯವೇ ಎಂದು ಅವರು ಕೇಳಿದರು.

ಒನೊರೆ ಇಲ್ಲವೆಂದು ತಲೆಯಾಡಿಸಿದ. ಬಳಿಕ ಹಿಂಜರಿಯುತ್ತ, ಹೂವಾಡಿಗರ ಕೇರಿಯ ಮುದುಕರು ಎಳ್ಳಿನ ನಡುವೆ ಹೂವಿಟ್ಟು, ಎಳ್ಳು ವಾಸನೆ ಹಿಡಿದ ಮೇಲೆ ಗಾಣಕ್ಕೆ ಹಾಕುವುದನ್ನು ತಾನು ಕಂಡಿದ್ದೇನೆ ಎಂದ. “ಕಂಡು ನಕ್ಕಿದ್ದೆ. ಎಣ್ಣೆಗಾರರ ಕೆಲಸ ಎಂದು.”

“ನಗುವುದನ್ನು ನಮ್ಮ ಆಸ್ಥಾನದಿಂದ ಕಲಿತೆಯೋ, ನಿನ್ನ ಊರಿನಿಂದ ತಂದೆಯೋ?”

“ಊರಿನಿಂದಲೇ ತಂದೆ, ಪ್ರಧಾನಿಗಳೇ.”

ಆ ಕಾರ್ತಿಕವೆಲ್ಲ ಪ್ರಧಾನಿಗಳ ಮನೆಯ ಹಿಂದಣ ಕೊಟ್ಟಿಗೆಯಲ್ಲಿ ಬಿಳಿಯೆಳ್ಳಿನ ಹಾಸು, ಜಾಜಿಯ ಹಾಸು. ಮೊದಲ ಸಲ ಹೂ ಕೊಳೆತು ಎಳ್ಳಿಗೆ ಮುಗ್ಗು ಹಿಡಿಯಿತು. ಎರಡನೆಯ ಸಲ ಗಾಣ ಬಿಸಿಯಾಗಿ ಪರಿಮಳ ಹಾರಿಹೋಯಿತು. ಒನೊರೆ ತನ್ನ ಭಾಷೆಯಲ್ಲಿ ಎಳ್ಳನ್ನು ಬೈದು, ಮತ್ತೆ ಹೂ ಆರಿಸಲು ಕುಳಿತ. ಹೂವಾಡಿಗರ ಕೇರಿಗೆ ಹೋಗಿ ಮುದುಕರ ಮುಂದೆ ಕೈಕಟ್ಟಿ ನಿಂತು ಕೇಳಿಯೂ ಬಂದ. ಕಡೆಗೆ ಇಳಿದ ಎಣ್ಣೆಯನ್ನು ಪ್ರಧಾನಿಗಳ ಅಂಗೈಗೆ ಒಂದು ತೊಟ್ಟು ಹಾಕಿದಾಗ, ಜೀವಮಾನದಲ್ಲಿ ಸುಗಂಧವನ್ನು ಹಚ್ಚಿಕೊಳ್ಳದ ಆ ವೃದ್ಧರು ಅದನ್ನು ಒರೆಸಿಕೊಳ್ಳದೆ ಬಹಳ ಹೊತ್ತು ಹಾಗೇ ಕುಳಿತಿದ್ದರು. ಬೆಳಗಿನ ಜಾವ ಬಳ್ಳಿಯ ಬಳಿ ನಿಂತಂತೆ ಇತ್ತು, ಅಷ್ಟೆ. ಅದರಲ್ಲಿ ಯಾರ ಅಂತಸ್ತೂ ಇರಲಿಲ್ಲ.

ಅತ್ತ ಆಸ್ಥಾನ ಎಂದಿನಂತೆ ಘಮಘಮಿಸುತ್ತಿತ್ತು. ನೇಮರಸಯ್ಯನವರು ಯಾರನ್ನೂ ಎಚ್ಚರಿಸಲಿಲ್ಲ. ಒಬ್ಬನು ಹಚ್ಚಿಕೊಳ್ಳುವುದನ್ನು ಬಿಟ್ಟರೂ ದಳವಾಯಿಗೆ ಸುಳಿವು ಸಿಗುತ್ತಿತ್ತು. ಸಂಧ್ಯಾವಂದನೆ ಮುಗಿಸಿದ ಭಟ್ಟರು ಕರಡಿಗೆ ತೆರೆದು ಕೊರಳಿಗೆ ಸವರಿಕೊಳ್ಳುವುದನ್ನು ಅವರು ದಿನವೂ ನೋಡಿದರು. ನೋಡಿ ಸುಮ್ಮನಿದ್ದದ್ದರ ಹೊಣೆ ತಮ್ಮದೆಂಬುದನ್ನೂ ಮನಸ್ಸಿನಲ್ಲಿ ಬರೆದಿಟ್ಟುಕೊಂಡರು.

ಪಟ್ಟಕ್ಕೆ ಮುನ್ನ ಅವರು ಅಮ್ಮಣ್ಣಿಯನ್ನು ಅಂತಃಪುರದ ಉದ್ಯಾನದಲ್ಲಿ ಕಂಡು ಎಲ್ಲವನ್ನೂ ನಿವೇದಿಸಿದರು. ಇಪ್ಪತ್ತನ್ನೂ ದಾಟದ ಆ ತರುಣಿ ತಂದೆಯಂತೆಯೇ ರೆಪ್ಪೆ ಬಡಿಯದೆ ಕೇಳಿಸಿಕೊಂಡಳು.

“ಚಿಕ್ಕಪ್ಪನವರು ನನ್ನನ್ನು ಎತ್ತಿ ಆಡಿಸಿದವರು,” ಎಂದಳು. ಬಳಿಕ, “ಸಭೆಯಲ್ಲಿ ಅವರ ಬಾಯಿ ಕಟ್ಟುವುದು ಹೇಗೆ?” ಎಂದಳು.

“ಅವರ ಮೈಮೇಲಿನ ಪರಿಮಳದಿಂದಲೇ, ತಾಯಿ. ಆದರೆ ಆ ಮಾತು ಆಡಿದ ಮೇಲೆ ಆಸ್ಥಾನ ಯಾರನ್ನಾದರೂ ಬಲಿ ಕೇಳುತ್ತದೆ. ಆಗ ತಾವು ನನ್ನನ್ನು ತಡೆಯಬಾರದು.”

“ಅದು ಆಜ್ಞೆಯೋ, ಪ್ರಧಾನಿಗಳೇ?”

“ಮುದುಕನ ಬೇಡಿಕೆ.”

ಮಾರ್ಗಶಿರದ ಆ ಮುಂಜಾನೆ ಮಂಜು ಕೋಟೆಯ ಕೊತ್ತಲಗಳನ್ನು ನುಂಗಿತ್ತು. ನಗಾರಿ ಮೊಳಗಿತು, ಸುಮಂಗಲಿಯರು ಬೆಳ್ಳಿಯ ಬಟ್ಟಲಿನಿಂದ ಅಮ್ಮಣ್ಣಿಯ ನೆತ್ತಿಗೆ ಅನುಲೇಪನವನ್ನು ಇಳಿಸಿದರು, ಅಭಿಷೇಕವಾಯಿತು, ಕಿರೀಟಧಾರಣವಾಯಿತು. ಮಂಗಳವಾದ್ಯ ನಿಂತ ಕ್ಷಣಕ್ಕೇ ಮಲ್ಲರಾಜಯ್ಯ ಎದ್ದು ನಿಂತ. ಮುಖದಲ್ಲಿ ದುಃಖವನ್ನು ಒಪ್ಪವಾಗಿ ಜೋಡಿಸಿಕೊಂಡಿದ್ದ.

“ಮಹಾಜನಗಳೇ, ಈ ಮಾತು ಆಡಲು ನನ್ನ ನಾಲಗೆ ಏಳುತ್ತಿಲ್ಲ. ಘೋರ ಪ್ರಮಾದವಾಗಿದೆ. ನಮ್ಮ ಕುಲದ ಮಗಳ ನೆತ್ತಿಗೆ ಈಗ ತಾನೇ ಸವರಿದ್ದು ಗೋವಿನ ಕೊಬ್ಬು. ಈ ಮ್ಲೇಚ್ಛನೇ ಅದನ್ನು ಹೇಳಲಿ.”

ತಾಂಡವ ಪಿಳ್ಳೆ ಒನೊರೆಯನ್ನು ಮುಂದಕ್ಕೆ ತಂದು, ಪರಾಸಿಯಲ್ಲಿ ಪ್ರಶ್ನೆ ಕೇಳಿದ. ಒನೊರೆ ಅವನ ಕಡೆ ನೋಡಲಿಲ್ಲ. ಸಿಂಹಾಸನಕ್ಕೆ ಕೈಮುಗಿದು ಕನ್ನಡದಲ್ಲಿ ಹೇಳಿದ: “ಎಳ್ಳು. ಜಾಜಿ. ಮತ್ತೇನೂ ಇಲ್ಲ.”

ದಳವಾಯಿಯ ದುಃಖ ಕ್ಷಣಾರ್ಧದಲ್ಲಿ ಉದುರಿಹೋಯಿತು. “ಸುಳ್ಳು. ಇವನ ಅನುಲೇಪನವೆಲ್ಲ ಹಸುವಿನ ಕೊಬ್ಬಿನದೇ.”

ಆಗ ನೇಮರಸಯ್ಯನವರು ಎದ್ದರು. ಬೆಳ್ಳಿಯ ಬಟ್ಟಲನ್ನು ತರಿಸಿ, ದಳವಾಯಿಯ ಅಂಗೈಯ ಮೇಲೆ ಬಗ್ಗಿಸಿದರು. ಎಣ್ಣೆ ಬೆರಳ ಸಂದಿನಿಂದ ಸರಾಗವಾಗಿ ಹರಿದು ನೆಲಕ್ಕೆ ತೊಟ್ಟಿಕ್ಕಿತು. ತುಪ್ಪವೂ ಹೆಪ್ಪುಗಟ್ಟುವ ಆ ಚಳಿಯಲ್ಲಿ ಅದು ಕೊಬ್ಬಲ್ಲವೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

“ಇದು ಅಮ್ಮಣ್ಣಿಯವರು ಧರಿಸಿದ್ದು,” ಎಂದರು ಪ್ರಧಾನಿಗಳು. “ಇನ್ನು, ಇವನ ಅನುಲೇಪನವೆಲ್ಲ ಹಸುವಿನ ಕೊಬ್ಬೆಂದು ದಳವಾಯಿಗಳು ಅಪ್ಪಣೆ ಕೊಡಿಸಿದರು. ನಿಜ. ಅದು ಅವರಿಗೆ ತಿಳಿದದ್ದು ಶ್ರಾವಣದಲ್ಲಿ. ತಿಳಿದ ಮೇಲೂ ಅವರು ಅದನ್ನು ಹಚ್ಚಿಕೊಳ್ಳುತ್ತಲೇ ಬಂದರು. ತಾವು ಬಿಟ್ಟರೆ ನೀವೆಲ್ಲ ಬಿಟ್ಟೀರಿ, ಬಿಟ್ಟರೆ ಕಾರಣ ಕೇಳೀರಿ ಎಂಬ ಭಯದಿಂದ. ಈ ಹೊತ್ತೂ ಅವರ ಎದೆಯ ಮೇಲೆ ಇರುವುದು ಅದೇ. ನಿಮ್ಮ ಎದೆಯ ಮೇಲೆ ಇರುವುದೂ ಅದೇ.”

ಸಭೆಯಲ್ಲಿ ಎಲ್ಲೋ ಹಿಂದುಗಡೆ ಒಬ್ಬನು ಶಾಲನ್ನು ಕಳಚಿ ಕೆಳಗೆ ಹಾಕಿದ. ಇನ್ನೊಬ್ಬ ಮೀಸೆಯನ್ನು ಒರೆಸಿಕೊಂಡು, ಒರೆಸಿದ ಕೈಯನ್ನು ಎಲ್ಲಿ ಒರೆಸುವುದೆಂದು ತಿಳಿಯದೆ ಎತ್ತಿಹಿಡಿದು ನಿಂತ. ಶಾಸ್ತ್ರ ಹೇಳಬೇಕಾದ ಸರ್ವೋತ್ತಮ ಭಟ್ಟರ ಕಡೆಗೆ ಎಲ್ಲರೂ ತಿರುಗಿದರು. ಭಟ್ಟರು ತಮ್ಮ ಉತ್ತರೀಯವನ್ನು ನೋಡಿಕೊಳ್ಳುತ್ತಿದ್ದರು. ರಾಣಿ ಪತಿತೆಯೆಂದು ಒಕ್ಕೊರಲಿನಿಂದ ಕೂಗಲು ಗಂಟಲು ಸರಿಪಡಿಸಿಕೊಳ್ಳುತ್ತಿದ್ದ ಆ ಪರಿವಾರ ಈಗ ಉಗುಳು ನುಂಗಲೂ ಹೇಸುತ್ತಿತ್ತು.

ಹೊಸ ರಾಣಿ ಕಾವಲಿನ ನಾಯಕನ ಕಡೆ ನೋಡಿದಳು. ಮಲ್ಲರಾಜಯ್ಯನ ಸೊಂಟದ ಕತ್ತಿಯನ್ನು ಬಿಚ್ಚಿದರು. ಯಾವ ಸರದಾರನೂ ಅಡ್ಡ ಬರಲಿಲ್ಲ. ಅವನಿಗೆ ಗಿರಿಯ ಮೇಲಣ ಕೋಟೆಯಲ್ಲಿ ಸೆರೆ. ದುಬಾಷಿ ಬಾಗಿಲಿನವರೆಗೆ ಓಡಿ ಸಿಕ್ಕಿಬಿದ್ದ.

ಆದರೆ ನೇಮರಸಯ್ಯನವರು ಆಸ್ಥಾನವನ್ನು ಸರಿಯಾಗಿಯೇ ಅಳೆದಿದ್ದರು. ರಾಜದ್ರೋಹವನ್ನು ಆ ಜನ ಒಂದು ಗಳಿಗೆಯಲ್ಲಿ ಮರೆತರು. ತಮಗಾದ ಅವಮಾನವನ್ನು ಮರೆಯಲಿಲ್ಲ. ಪರಂಗಿಯವನನ್ನು ಆನೆಯ ಕಾಲಿಗೆ ಹಾಕಬೇಕೆಂದು ಮೊದಲು ಕೂಗಿದವನು ಅವನ ಬಳಿ ಅತಿ ಹೆಚ್ಚು ಕರಡಿಗೆ ಕೊಂಡ ಸರದಾರನೇ. ಕೂಗು ಸಭೆಯ ತುಂಬ ಹಬ್ಬಿತು.

“ಅವನು ಮೊದಲ ದಿನವೇ ನಿಮಗೆ ಹೇಳಿದ, ದುಬಾಷಿ ತಿರುಚಿದ,” ಎಂದರು ಪ್ರಧಾನಿಗಳು. “ಆದರೆ ನನಗೆ ಆಶ್ವಯುಜದಿಂದ ತಿಳಿದಿತ್ತು. ನೀವು ಹಚ್ಚಿಕೊಳ್ಳುವುದನ್ನು ದಿನವೂ ಕಂಡು ಸುಮ್ಮನಿದ್ದೆ. ನಿಮ್ಮ ಧರ್ಮಕ್ಕೆ ಕುಂದು ತಂದವನು ಬೇಕಿದ್ದರೆ ಇಲ್ಲಿದ್ದೇನೆ. ಅವನನ್ನು ಬಿಟ್ಟುಬಿಡಿ.”

ಭಟ್ಟರಿಗೆ ಹೋದ ಉಸಿರು ಬಂತು. ಶಾಸ್ತ್ರ ನೆನಪಾಯಿತು. ಮಿಕ್ಕವರಿಗೆ ಪಂಚಗವ್ಯ ಪ್ರಾಶನದಿಂದ ಶುದ್ಧಿ. ತಿಳಿದೂ ಮುಚ್ಚಿಟ್ಟ ಪ್ರಧಾನಿಗೆ ಪದಚ್ಯುತಿ ಮತ್ತು ದುರ್ಗದಿಂದ ಹೊರದೂಡಿಕೆ ಎಂದು ಅವರು ವಿಧಿಸಿದರು. ಹಸುವಿನ ಕೊಬ್ಬಿನ ದೋಷವನ್ನು ಹಸುವಿನ ಗಂಜಳದಿಂದ ತೊಳೆದುಕೊಳ್ಳಲು ಸರದಾರರು ಸಾಲಾಗಿ ಹೊರಟರು.

ಆಜ್ಞೆಗೆ ಮುದ್ರೆಯೊತ್ತಬೇಕಾದವಳು ರಾಣಿ. ಅವಳು ಪ್ರಧಾನಿಗಳನ್ನು ಹತ್ತಿರ ಕರೆದು, ತಗ್ಗಿದ ದನಿಯಲ್ಲಿ ಕೇಳಿದಳು: “ನನ್ನ ಮೊದಲ ಆಜ್ಞೆಯೇ ಅನ್ಯಾಯವಾಗಬೇಕೇ?”

“ಮೊದಲನೆಯದಾದರೆ ತಿದ್ದಿಕೊಳ್ಳಲು ಕಾಲವಿರುತ್ತದೆ, ತಾಯಿ. ಈಗ ತಡೆದರೆ ಇವರೆಲ್ಲರ ದ್ವೇಷ ತಮ್ಮ ಪೀಠದ ಸುತ್ತ ಹೆಣೆದುಕೊಳ್ಳುತ್ತದೆ. ನನ್ನ ಬೆನ್ನಿಗೆ ಕಟ್ಟಿದರೆ ಊರಾಚೆಗೆ ಹೊತ್ತುಕೊಂಡು ಹೋಗುತ್ತೇನೆ.”

ಅವಳು ಮುದ್ರೆಯೊತ್ತಿದಳು.

ಮಧ್ಯಾಹ್ನದ ಬಿಸಿಲಿನಲ್ಲಿ ಇಬ್ಬರು ಪಶ್ಚಿಮದ ಬಾಗಿಲಿನಿಂದ ಹೊರಟರು. ಒನೊರೆಯ ಎತ್ತಿನ ಗಾಡಿಯಲ್ಲಿ ಲಾವಂಚದ ಕಟ್ಟುಗಳೂ ಶ್ರೀಗಂಧದ ಕೊರಡುಗಳೂ ಇದ್ದವು. ಎಳ್ಳೆಣ್ಣೆಯ ಕೂಲಿಯೆಂದು ರಾಣಿ ಎಲ್ಲರೆದುರಿಗೇ ಹೇಳಿ ಕೊಡಿಸಿದ್ದಳು. ಕವಲುದಾರಿಯ ಬಳಿ ಅವನು ಗಾಡಿ ನಿಲ್ಲಿಸಿದ. ಒಂದು ದಾರಿ ಘಟ್ಟ ಇಳಿದು ಬಂದರಿಗೆ, ಇನ್ನೊಂದು ಬಸದಿಯ ಬೆಟ್ಟಕ್ಕೆ.

“ನನಗಾಗಿ ತಾವು ಎಲ್ಲವನ್ನೂ ಕಳೆದುಕೊಂಡಿರಿ,” ಎಂದ ಒನೊರೆ.

“ನಿನಗಾಗಿ ಅಲ್ಲವಯ್ಯ. ಕಳೆದುಕೊಂಡದ್ದಾದರೂ ಏನು? ಆ ಮುಖಗಳನ್ನು ದಿನವೂ ನೋಡುವ ಕೆಲಸ.” ಮುದುಕರು ಊರುಗೋಲನ್ನು ಕೈ ಬದಲಿಸಿಕೊಂಡರು. “ನಿನ್ನ ಒಲೆ ಹೊತ್ತಿಸು. ಕೊಳ್ಳುವವರಿಗೆ ಅದರಲ್ಲಿ ಏನಿದೆ ಎಂದು ಹೇಳು.”

“ಹೇಳುತ್ತೇನೆ. ಅವರು ಕೇಳುವುದಿಲ್ಲ.”

“ಕೇಳುವುದಿಲ್ಲ,” ಎಂದು ಒಪ್ಪಿಕೊಂಡು ನೇಮರಸಯ್ಯನವರು ಬೆಟ್ಟದ ದಾರಿ ಹಿಡಿದರು. ಹಿಂದಿರುಗಿ ನೋಡಲಿಲ್ಲ.

ಪಂಚಗವ್ಯದ ರುಚಿ ಬಾಯಿಂದ ಹೋಗುವ ಮೊದಲೇ ಆಸ್ಥಾನಿಕರಿಗೆ ಪ್ರಧಾನಿಯ ಪದವಿ ನೆನಪಿಗೆ ಬಂತು. ಮುಂದಿನ ಓಲಗದಲ್ಲಿ ಸರದಾರರೆಲ್ಲ ಭಟ್ಟರನ್ನು ಮುಂದಿಟ್ಟುಕೊಂಡು ಬಂದು, ಸಿಂಹಾಸನದ ಬಲಗಡೆಯ ಪೀಠ ಖಾಲಿಯಿರುವುದು ರಾಜ್ಯಕ್ಕೆ ಶ್ರೇಯಸ್ಕರವಲ್ಲ, ಯೋಗ್ಯರಾದವರನ್ನು ನೇಮಿಸಬೇಕೆಂದು ವಿನಯದಿಂದ ಬಿನ್ನವಿಸಿದರು. ಪ್ರತಿಯೊಬ್ಬನೂ ಯೋಗ್ಯನಾದವನಂತೆ ನಿಂತಿದ್ದ.

ಗೌರಾಜಮ್ಮಣ್ಣಿ ಅವರ ಮುಖಗಳನ್ನು ಒಂದೊಂದಾಗಿ ನೋಡಿ, ಅವುಗಳ ಹಿಂದಣ ಕಂಬದ ಮೇಲೆ ದೃಷ್ಟಿ ನಿಲ್ಲಿಸಿದಳು.

“ಆ ಪೀಠ ಖಾಲಿಯಿಲ್ಲ,” ಎಂದಳು. “ಕುಳಿತವರು ಊರಿನಲ್ಲಿಲ್ಲ, ಅಷ್ಟೆ.”